ಸಂಖ್ಯೆಗಿಂತ ಮೊದಲು ಒಂದು ಹೆಸರು: ಯಹೂದಿ ಇತಿಹಾಸ ಕಲಿಸುವ ಶಿಕ್ಷಕರಿಗೆ ತರಬೇತಿ ಕೊಡುವುದು ಹೇಗೆ?

ಸ್ವಲ್ಪ ಕಟ್ಟುನಿಟ್ಟಿನ ಮೇಷ್ಟ್ರು ಸಿಕ್ಕರೆ ನಮ್ಮ ಮಕ್ಕಳು ಅವರಿಗೆ ‘ಹಿಟ್ಲರ್’ ಎಂದು ಅಡ್ಡಹೆಸರು ಇಟ್ಟುಬಿಡುತ್ತಾರೆ. ಮನೆಯಲ್ಲಿ ಗದರುವ ಅಪ್ಪನಿಗೂ ಅದೇ ಹೆಸರು. ಮಕ್ಕಳಿಗೆ ಕೆಟ್ಟ ಉದ್ದೇಶವೇನೂ ಇರುವುದಿಲ್ಲ. ಆ ಹೆಸರಿನ ಹಿಂದೆ ಏನೇನು ನಡೆದಿದೆ ಎಂಬುದು ಅವರಿಗೆ ಗೊತ್ತಿಲ್ಲ, ಅಷ್ಟೇ. ಪ್ರೌಢಶಾಲೆಯ ಸಮಾಜ ವಿಜ್ಞಾನದಲ್ಲಿ ನಾಜಿವಾದ ಬರುತ್ತದೆ, 60 ಲಕ್ಷ ಯಹೂದಿಗಳ ಹತ್ಯೆಯಾಯಿತು ಎಂಬ ಸಾಲೂ ಬರುತ್ತದೆ. ಅಂಕ ಬರುವಷ್ಟು ಓದಿದರೆ ಪಾಠ ಮುಗಿಯಿತು. ಯಹೂದಿಗಳು ಎಂದರೆ ಯಾರು, ಯಾವ ಭಾಷೆ ಮಾತಾಡುತ್ತಿದ್ದರು, ಹಬ್ಬಕ್ಕೆ ಏನು ಮಾಡುತ್ತಿದ್ದರು, ಮಕ್ಕಳು ಯಾವ ಆಟ ಆಡುತ್ತಿದ್ದರು? ಇದು ಯಾವುದೂ ಗೊತ್ತಿಲ್ಲದೆ ಅವರ ಸಾವಿನ ಲೆಕ್ಕ ಮಾತ್ರ ಬಾಯಿಪಾಠವಾಗುತ್ತದೆ. ಬದುಕಿದ್ದರು ಎಂಬುದೇ ಗೊತ್ತಿಲ್ಲದವರು ಸತ್ತರೆಂದು ಮಕ್ಕಳಿಗೆ ದುಃಖವಾಗುವುದಾದರೂ ಹೇಗೆ?

ಇದನ್ನು ಬದಲಿಸಬೇಕಾದರೆ ಶಿಕ್ಷಕರ ತರಬೇತಿಯಿಂದಲೇ ಶುರು ಮಾಡಬೇಕು. ವ್ಯಕ್ತಿಗಳ ಕಥೆಯ ಮೂಲಕ ಕಲಿಸುವ ಕ್ರಮ ಹೊಸದೇನಲ್ಲ. 2000ದಲ್ಲಿ ವಿಯೆನ್ನಾದಲ್ಲಿ ಶುರುವಾದ ಸೆಂಟ್ರೋಪಾ ಎಂಬ ಸಂಸ್ಥೆ ಮಧ್ಯ ಮತ್ತು ಪೂರ್ವ ಯುರೋಪಿನ ಸಾವಿರಕ್ಕೂ ಹೆಚ್ಚು ಹಿರಿಯ ಯಹೂದಿಗಳನ್ನು ಮಾತಾಡಿಸಿತು. ಮುಂದೆ ವಿಡಿಯೋ ಕ್ಯಾಮರಾ ಇಟ್ಟು ‘ನಾಜಿ ಶಿಬಿರದಲ್ಲಿ ಏನಾಯಿತು ಹೇಳಿ’ ಎಂದು ಕೇಳಲಿಲ್ಲ. ಮನೆಯ ಹಳೆಯ ಫೋಟೊಗಳನ್ನು ಮೇಜಿನ ಮೇಲೆ ಹರಡಿ, ‘ಇದು ಯಾರು? ಇದು ಎಲ್ಲಿ?’ ಎಂದು ಕೇಳುತ್ತಾ ಹೋದರು. ಇಡೀ 20ನೇ ಶತಮಾನ ಹಾಗೇ ಹೊರಬಂತು. ಈಗ ಆ ಕಥೆಗಳನ್ನೇ ಇಟ್ಟುಕೊಂಡು ಬೇರೆ ಬೇರೆ ದೇಶಗಳ ಶಿಕ್ಷಕರಿಗೆ ಬೇಸಿಗೆ ತರಬೇತಿ ನಡೆಯುತ್ತದೆ. ಶಿಕ್ಷಕರು ಆ ಊರುಗಳಲ್ಲೇ ಓಡಾಡುತ್ತಾರೆ, ಪಾಠಗಳನ್ನು ಒಬ್ಬರಿಗೊಬ್ಬರು ಮಾಡಿ ತೋರಿಸುತ್ತಾರೆ.

ನಾವು ವಿಯೆನ್ನಾಕ್ಕೆ ಹೋಗಬೇಕಿಲ್ಲ. ತಾಲ್ಲೂಕು ಕೇಂದ್ರದ ಒಂದು ಕೊಠಡಿ, ಎರಡು ದಿನ, ಇಪ್ಪತ್ತು–ಇಪ್ಪತ್ತೈದು ಶಿಕ್ಷಕರು ಇದ್ದರೆ ಸಾಕು. ಸಮಾಜ ವಿಜ್ಞಾನದವರ ಜೊತೆ ಕನ್ನಡ ಮೇಷ್ಟ್ರುಗಳನ್ನೂ ಕರೆಯಿರಿ. ಕಥೆಯನ್ನು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಬಿಡಿಸಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪ್ರೊಜೆಕ್ಟರ್ ಇಲ್ಲದಿದ್ದರೆ ಚಿಂತೆಯಿಲ್ಲ. ಐದಾರು ಫೋಟೊಗಳನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಳ್ಳಿ. ಕೈಗೆ ಸಿಕ್ಕುವ ಫೋಟೊ ಪರದೆಯ ಮೇಲಿನ ಫೋಟೊಗಿಂತ ಎಷ್ಟೋ ವಾಸಿ.

ಹೆಜ್ಜೆ 1: ಮೊದಲು ತಮ್ಮದೇ ಮನೆಯ ಫೋಟೊ

ಬರುವಾಗ ತಮ್ಮ ಮನೆಯ ಒಂದು ಹಳೆಯ ಫೋಟೊ ತರಲು ಶಿಕ್ಷಕರಿಗೆ ಮೊದಲೇ ಹೇಳಿ. ಅಜ್ಜಿಯ ಮದುವೆಯದ್ದೋ, ಸ್ಟುಡಿಯೋದಲ್ಲಿ ತೆಗೆಸಿದ್ದೋ, ಯಾವುದಾದರೂ ಆದೀತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರು ಫೋಟೊ ತೋರಿಸಲಿ, ಇನ್ನೊಬ್ಬರು ಪ್ರಶ್ನೆ ಮಾತ್ರ ಕೇಳಲಿ. ಯಾರು ನಿಂತಿದ್ದಾರೆ, ಯಾರು ಕೂತಿದ್ದಾರೆ? ಫೋಟೊ ತೆಗೆದವರು ಯಾರು? ಆ ಸೀರೆ ಯಾರದ್ದು? ಫೋಟೊದಲ್ಲಿ ಇರಬೇಕಾಗಿದ್ದು ಇಲ್ಲದವರು ಯಾರು?

ಈ ಕೊನೆಯ ಪ್ರಶ್ನೆ ಬಂದಾಗ ಕೊಠಡಿಯ ಗದ್ದಲ ತಾನಾಗಿಯೇ ಇಳಿಯುತ್ತದೆ. ಊರು ಬಿಟ್ಟು ಹೋದ ಚಿಕ್ಕಪ್ಪ, ಹೆರಿಗೆಯಲ್ಲಿ ತೀರಿಕೊಂಡ ಅತ್ತೆ, ಅಣೆಕಟ್ಟೆಯ ನೀರಿನಲ್ಲಿ ಮುಳುಗಿದ ಹಳೇ ಮನೆ ಎಲ್ಲವೂ ಮಾತಿಗೆ ಬರುತ್ತವೆ. ಒಂದು ಸಣ್ಣ ಫೋಟೊದಿಂದ ಎಷ್ಟು ಇತಿಹಾಸ ಹೊರಡುತ್ತದೆ ಎಂಬುದನ್ನು ಶಿಕ್ಷಕರು ಅನುಭವಿಸಿ ತಿಳಿಯಬೇಕು. ಈ ಅಭ್ಯಾಸವನ್ನು ಬಿಟ್ಟು ನೇರವಾಗಿ ಜರ್ಮನಿಗೆ ಹಾರಬೇಡಿ. ಸಮಯ ಕಡಿಮೆ ಇದ್ದರೆ ಬೇರೆ ಏನನ್ನಾದರೂ ಕಡಿಮೆ ಮಾಡಿ.

ಒಂದು ಮಾತು ಮಾತ್ರ ಮೊದಲೇ ಸ್ಪಷ್ಟವಾಗಿರಲಿ. ನಮ್ಮ ಮನೆಯ ನೋವು ಮತ್ತು ಅವರ ನೋವು ಒಂದೇ ಎಂದು ತೋರಿಸಲು ಇದನ್ನು ಮಾಡುತ್ತಿಲ್ಲ. ಕೇಳುವುದನ್ನು ಕಲಿಯಲು ಮಾಡುತ್ತಿದ್ದೇವೆ.

ಹೆಜ್ಜೆ 2: ಒಬ್ಬ ಹುಡುಗನ ಕಥೆಯನ್ನು ಪೂರ್ತಿ ಕೇಳುವುದು

ಇದು ತರಬೇತಿಯ ಹೃದಯ. ಇದಕ್ಕೆ ಅರ್ಧ ದಿನ ಇಡಿ. ಶಿಕ್ಷಕರು ಇಲ್ಲಿ ವಿದ್ಯಾರ್ಥಿಗಳಾಗಿ ಕೂರಬೇಕು. ನೀವು ತರಗತಿ ತೆಗೆದುಕೊಳ್ಳಿ. ನಾನು ಆರಿಸುವುದು ಪೆಟರ್ ಗಿನ್ಜ್ ಎಂಬ ಹುಡುಗನ ಕಥೆ. ನಮ್ಮ ಮಕ್ಕಳಿಗೆ ಇದು ಹತ್ತಿರವಾಗಲು ಒಂದು ಬಲವಾದ ಕಾರಣವಿದೆ.

ಮೊದಲು ಪೆಟರ್ ಬಿಡಿಸಿದ ಚಿತ್ರವೊಂದನ್ನು ಹಂಚಿ. ಪೆನ್ಸಿಲ್ ಚಿತ್ರ. ಮುಂದೆ ಚೂಪು ಚೂಪಾದ ಬೆಟ್ಟಗಳು, ಹಿಂದೆ ಕಪ್ಪು ಆಕಾಶದಲ್ಲಿ ಭೂಮಿ. ಚಂದ್ರನ ಮೇಲೆ ನಿಂತು ನೋಡಿದರೆ ಭೂಮಿ ಹೇಗೆ ಕಾಣಬಹುದು ಎಂದು ಬಿಡಿಸಿದ್ದು. ಯಾರು, ಯಾವಾಗ ಎಂದು ಹೇಳಬೇಡಿ. ಇದನ್ನು ಬಿಡಿಸಿದವರಿಗೆ ಎಷ್ಟು ವಯಸ್ಸಿರಬಹುದು, ಎಲ್ಲಿ ಕೂತು ಬಿಡಿಸಿರಬಹುದು ಎಂದು ಕೇಳಿ. ಉತ್ತರಗಳನ್ನು ಬೋರ್ಡ್ ಮೇಲೆ ಬರೆಯಿರಿ.

ಆಮೇಲೆ ಹುಡುಗನನ್ನು ಪರಿಚಯಿಸಿ. 1928ರ ಫೆಬ್ರವರಿ 1ರಂದು ಚೆಕ್ ದೇಶದ ಪ್ರಾಗ್‌ನಲ್ಲಿ ಹುಟ್ಟಿದವನು. ಅಪ್ಪ ಯಹೂದಿ, ಅಮ್ಮ ಕ್ರೈಸ್ತಳು. ಬೇರೆ ಬೇರೆ ದೇಶದವರು ಮಾತಾಡಿಕೊಳ್ಳಲೆಂದೇ ಕಟ್ಟಿದ ಎಸ್ಪೆರಾಂತೊ ಭಾಷೆಯ ಮೇಲಿನ ಪ್ರೀತಿಯಿಂದ ಒಬ್ಬರಿಗೊಬ್ಬರು ಪರಿಚಯವಾದವರು. ಏವಾ ಎಂಬ ತಂಗಿ. ಪೆಟರ್‌ಗೆ ವಿಜ್ಞಾನದ ಸಾಹಸ ಕಥೆಗಳೆಂದರೆ ಪ್ರಾಣ, ತಾನೂ ಕಾದಂಬರಿ ಬರೆಯುತ್ತಿದ್ದ. ಇಲ್ಲಿ ನಿಧಾನ ಮಾಡಿ. ಮನೆ, ಓದು, ತಂಗಿಯ ಜೊತೆ ಜಗಳ, ಗೆಳೆಯರು ಎಲ್ಲ ಬರಲಿ. ಮಕ್ಕಳಿಗೆ ಈ ಹುಡುಗ ಇಷ್ಟವಾಗಬೇಕು.

ಆಮೇಲೆ ಅವನ ಡೈರಿ. 1941ರ ಸೆಪ್ಟೆಂಬರ್‌ನಲ್ಲಿ ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು ಎಂಬ ನಾಜಿಗಳ ಆಜ್ಞೆ ಜಾರಿಗೆ ಬಂತು. ಆ ದಿನ ಶಾಲೆಗೆ ಹೋಗುವ ದಾರಿಯಲ್ಲಿ ನಕ್ಷತ್ರ ಹಾಕಿಕೊಂಡವರು ಎಷ್ಟು ಜನ ಸಿಕ್ಕರು ಎಂದು ಅವನು ಎಣಿಸಿ ಬರೆದಿಟ್ಟ. ಹದಿಮೂರು ವರ್ಷದ ಹುಡುಗ ಮಾಡುವುದೇ ಹಾಗೆ ಅಲ್ವಾ? ಬೇರೆ ಮಕ್ಕಳು ದಾರಿಯಲ್ಲಿ ಕೆಂಪು ಬಸ್ಸು ಎಷ್ಟು ಬಂತು ಎಂದು ಎಣಿಸುತ್ತಾರೆ. ಅವನು ನಕ್ಷತ್ರ ಎಣಿಸಿದ. ಈ ಒಂದು ವಿವರದ ಮೇಲೆ ಹತ್ತು ನಿಮಿಷ ಮಾತಾಡಬಹುದು. ಡೈರಿಯಲ್ಲಿ ಗೋಳಾಟವಿಲ್ಲ. ಹವಾಮಾನ, ಶಾಲೆ, ಹೊಸ ನಿಷೇಧಗಳು, ಯಾರನ್ನೆಲ್ಲ ಊರಿನಿಂದ ಸಾಗಿಸಿದರು ಎಂಬುದೆಲ್ಲ ಒಂದರ ಕೆಳಗೆ ಒಂದು ಬರುತ್ತದೆ. ಓದುವ ಮಕ್ಕಳೇ ಅದರ ತೂಕ ಕಂಡುಕೊಳ್ಳಲಿ.

1942ರ ಅಕ್ಟೋಬರ್‌ನಲ್ಲಿ, ಹದಿನಾಲ್ಕು ತುಂಬಿದ ಮೇಲೆ, ಅವನನ್ನು ಒಬ್ಬನನ್ನೇ ತೆರೆಜಿನ್ ಘೆಟ್ಟೊಗೆ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಊರಿಗೆ, ಕಳಿಸಿದರು. ಅಲ್ಲಿ ಹುಡುಗರ ಕೊಠಡಿಯಲ್ಲಿ ‘ವೆದೆಮ್’ ಎಂಬ ವಾರಪತ್ರಿಕೆ ನಡೆಸಿದ. ಹುಡುಗರೇ ಬರೆದು, ಚಿತ್ರ ಬಿಡಿಸಿ, ಶುಕ್ರವಾರ ಸಂಜೆ ಎಲ್ಲರ ಮುಂದೆ ಓದುತ್ತಿದ್ದರು. ಅದರ ಸುಮಾರು 800 ಪುಟಗಳು ಇಂದಿಗೂ ಉಳಿದಿವೆ. ತಾನು ಈ ತಿಂಗಳು ಯಾವ ಪುಸ್ತಕ ಓದಿದೆ, ಏನು ಬಿಡಿಸಿದೆ, ಏನು ಕಲಿತೆ ಎಂದು ಪಟ್ಟಿ ಇಡುತ್ತಿದ್ದ. ಚಂದ್ರನ ಚಿತ್ರ ಬಿಡಿಸಿದ್ದೂ ಅಲ್ಲೇ. ಗೋಡೆಯಾಚೆ ಕಾಲಿಡಲು ಬಿಡದ ಜಾಗದಲ್ಲಿ ಕೂತು. ಬೋರ್ಡ್ ಮೇಲೆ ಮೊದಲು ಬರೆದ ಉತ್ತರಗಳನ್ನು ಈಗ ಮತ್ತೆ ಓದಿಸಿ.

1944ರ ಸೆಪ್ಟೆಂಬರ್ ಕೊನೆಯಲ್ಲಿ ಅವನನ್ನು ನಾಜಿಗಳ ಹತ್ಯಾ ಶಿಬಿರವಾದ ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಹದಿನಾರು ವರ್ಷ. ಇದನ್ನು ಹೇಳಲು ಒಂದೇ ವಾಕ್ಯ ಸಾಕು. ಗ್ಯಾಸ್ ಕೋಣೆಯ ವರ್ಣನೆ ಬೇಡ.

ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ತಂಗಿ ಏವಾ ಬದುಕುಳಿದಳು, ಮುಂದೆ ಇಸ್ರೇಲಿನಲ್ಲಿ ಕಲಾವಿದೆಯಾದಳು. 2003ರಲ್ಲಿ ಇಸ್ರೇಲಿನ ಗಗನಯಾತ್ರಿ ಇಲಾನ್ ರಾಮೋನ್ ಆ ಚಂದ್ರನ ಚಿತ್ರದ ಪ್ರತಿಯೊಂದನ್ನು ಬಾಹ್ಯಾಕಾಶಕ್ಕೆ ತೆಗೆದುಕೊಂಡು ಹೋದರು. ಅವರ ತಾಯಿಯೂ ಆಶ್ವಿಟ್ಜ್‌ನಿಂದ ಬದುಕಿ ಬಂದವರು. ಹೋದ ನೌಕೆ ಕೊಲಂಬಿಯಾ. ಅದೇ ನೌಕೆಯಲ್ಲಿ ನಮ್ಮ ಕಲ್ಪನಾ ಚಾವ್ಲಾ ಇದ್ದರು. ಕಲ್ಪನಾ ಹೆಸರು ಬಂದ ಕೂಡಲೇ ಮಕ್ಕಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಫೆಬ್ರವರಿ 1ರಂದು ನೌಕೆ ಒಡೆದು ಏಳೂ ಜನ ತೀರಿಕೊಂಡರು. ಆ ದಿನ ಪೆಟರ್ ಬದುಕಿದ್ದರೆ ಅವನಿಗೆ 75 ತುಂಬುತ್ತಿತ್ತು. ಆ ಸುದ್ದಿಯಲ್ಲಿ ಅವನ ಹೆಸರು ಕೇಳಿದ ಮೇಲೆಯೇ ಪ್ರಾಗ್‌ನ ಒಂದು ಹಳೆಯ ಮನೆಯಲ್ಲಿ ಸಿಕ್ಕಿದ್ದ ಡೈರಿಗಳು ಅವನದ್ದೆಂದು ಹೊರಬಂದವು.

ಕಥೆ ಮುಗಿದ ಮೇಲೆ ಐದು ನಿಮಿಷ ಸುಮ್ಮನೆ ಬಿಡಿ. ಆಮೇಲೆ ಶಿಕ್ಷಕರನ್ನು ಕೇಳಿ: ಈಗ ನಿಮಗೆ ಏನು ತಿಳಿಯಬೇಕು ಅನಿಸುತ್ತಿದೆ? ಆ ಆಜ್ಞೆ ಯಾರು ಹೊರಡಿಸಿದರು, ಪಕ್ಕದ ಮನೆಯವರು ಏನು ಮಾಡಿದರು, ಅಮ್ಮನನ್ನು ಯಾಕೆ ಸಾಗಿಸಲಿಲ್ಲ ಎಂದು ಪ್ರಶ್ನೆಗಳು ಬರುತ್ತವೆ. ಇನ್ನು ಮೇಲೆ ಪಠ್ಯಪುಸ್ತಕ ತೆರೆಯಿರಿ. ಆಗ ಅದನ್ನು ಓದುವ ಹಸಿವು ಇರುತ್ತದೆ.

ಹೆಜ್ಜೆ 3: ಕಥೆಯನ್ನು ಇಸವಿಗಳಿಗೆ ಕಟ್ಟುವುದು

ಬರೀ ಕಥೆ ಹೇಳಿದರೆ ಕಣ್ಣೀರು ಬರುತ್ತದೆ, ಇತಿಹಾಸ ಬರುವುದಿಲ್ಲ. ಗೋಡೆಗೆ ಉದ್ದನೆಯ ಹಗ್ಗ ಕಟ್ಟಿ. ಮೇಲೆ ಸರ್ಕಾರದ ಇಸವಿಗಳು: 1933ರ ಜನವರಿ 30, ಹಿಟ್ಲರ್ ಚಾನ್ಸಲರ್ ಆದದ್ದು, 1935, ಯಹೂದಿಗಳ ಪೌರತ್ವ ಕಿತ್ತುಕೊಂಡ ನ್ಯೂರೆಂಬರ್ಗ್ ಕಾನೂನುಗಳು, 1938ರ ಮಾರ್ಚ್, ಆಸ್ಟ್ರಿಯಾ ನಾಜಿಗಳ ಕೈಸೇರಿದ್ದು, ಅದೇ ವರ್ಷದ ನವೆಂಬರ್, ಯಹೂದಿಗಳ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಬಿದ್ದ ರಾತ್ರಿ, 1942ರ ಜನವರಿ, ಯಹೂದಿಗಳ ಸಾಮೂಹಿಕ ಹತ್ಯೆಯನ್ನು ಸಂಘಟಿಸಲು ನಾಜಿ ಅಧಿಕಾರಿಗಳು ಸೇರಿದ ವಾನ್‌ಸೇ ಸಭೆ, 1945ರ ಜನವರಿ 27, ಆಶ್ವಿಟ್ಜ್ ಬಿಡುಗಡೆ. ಕೆಳಗೆ ವ್ಯಕ್ತಿಗಳ ಚೀಟಿಗಳು. ಪೆಟರ್ 1939ರಲ್ಲಿ ಎಲ್ಲಿದ್ದ, 1941ರಲ್ಲಿ ಏನು ಕಳೆದುಕೊಂಡ ಎಂದು ಶಿಕ್ಷಕರೇ ಸಿಕ್ಕಿಸಲಿ. ಒಂದೇ ದಿನದಲ್ಲಿ ಯಾರನ್ನೂ ಕೊಂದುಬಿಡಲಿಲ್ಲ. ಕೆಲಸ, ಶಾಲೆ, ಸೈಕಲ್, ಮನೆ ಒಂದೊಂದಾಗಿ ಕಿತ್ತುಕೊಂಡರು ಎಂಬುದು ಹಗ್ಗ ನೋಡಿದರೇ ಗೊತ್ತಾಗುತ್ತದೆ.

ಹೆಜ್ಜೆ 4: ಫೋಟೊ ತೆಗೆದವರು ಯಾರು?

ಘೆಟ್ಟೊಗಳ ಪ್ರಸಿದ್ಧ ಫೋಟೊಗಳಲ್ಲಿ ಎಷ್ಟೋ ಜರ್ಮನ್ ಸೈನಿಕರೇ ತೆಗೆದವು. ಯಹೂದಿಗಳನ್ನು ಕೊಳಕರು, ದೀನರು ಎಂದು ತೋರಿಸುವುದು ಅವರಿಗೆ ಬೇಕಿತ್ತು. ಗೊತ್ತಿಲ್ಲದೆ ನಾವು ತರಗತಿಯಲ್ಲಿ ಅವರ ಕಣ್ಣಿನಿಂದಲೇ ನೋಡುತ್ತಿರುತ್ತೇವೆ. ಅದಕ್ಕೇ ಸಾಧ್ಯವಾದಷ್ಟು ಆ ಕುಟುಂಬಗಳೇ ತೆಗೆಸಿಕೊಂಡ ಫೋಟೊ ಬಳಸಿ: ಮದುವೆ, ಈಜಲು ಹೋದದ್ದು, ಅಂಗಡಿ ಬಾಗಿಲಲ್ಲಿ ನಿಂತದ್ದು.

ಅಭ್ಯಾಸಕ್ಕೆ ಬೋಸ್ನಿಯಾದ ಸರಾಯೆವೊ ನಗರದ ಒಂದು ಫೋಟೊ ಇಟ್ಟುಕೊಳ್ಳಿ. 1941. ಬೀದಿಯಲ್ಲಿ ಇಬ್ಬರು ಹೆಂಗಸರು, ಜೊತೆಗೆ ಮಕ್ಕಳು. ಒಬ್ಬಳು ಮುಸುಕು ಹಾಕಿದ್ದಾಳೆ. ಆ ಮುಸುಕಿನ ತುದಿ ಪಕ್ಕದವಳ ತೋಳಿನ ಮೇಲೆ ಬಿದ್ದಿದೆ. ಯಾಕೆ? ಪಕ್ಕದವಳು ಯಹೂದಿ, ತೋಳಿನಲ್ಲಿ ಹಳದಿ ನಕ್ಷತ್ರವಿದೆ, ಅದನ್ನು ಮುಚ್ಚಲು. ಮುಸುಕು ಹಾಕಿದವರು ಜೈನೆಬಾ ಹರ್ದಗಾ. ಬಾಂಬು ಬಿದ್ದು ಮನೆ ಕಳೆದುಕೊಂಡ ಕಬಿಲಿಯೊ ಕುಟುಂಬಕ್ಕೆ ಅವರ ಮನೆಯವರು ಆಸರೆ ಕೊಟ್ಟಿದ್ದರು. ಸುಮಾರು ಐವತ್ತು ವರ್ಷ ಕಳೆದ ಮೇಲೆ ಸರಾಯೆವೊಗೆ ಮುತ್ತಿಗೆ ಬಿದ್ದಾಗ ಅದೇ ಜೈನೆಬಾರನ್ನು 1994ರಲ್ಲಿ ಅಲ್ಲಿಂದ ಹೊರತಂದು ಇಸ್ರೇಲಿನಲ್ಲಿ ನೆಲೆ ಕೊಡಿಸಿದರು. ಮುಸುಕನ್ನು ಶಿಕ್ಷಕರೇ ಗಮನಿಸಿ ಹೇಳುವವರೆಗೂ ಕಾಯಿರಿ. ನೀವೇ ಹೇಳಿಬಿಟ್ಟರೆ ಪಾಠ ಹಾಳು.

ಇದೇ ಹೊತ್ತಿನಲ್ಲಿ ನೆನಪಿನ ಮಿತಿಯನ್ನೂ ಹೇಳಿ. ಎಂಬತ್ತು ದಾಟಿದವರು ತಮ್ಮ ಬಾಲ್ಯ ಹೇಳುವಾಗ ಇಸವಿ ತಪ್ಪಬಹುದು. ಅದರಿಂದ ಸಾಕ್ಷ್ಯ ಸುಳ್ಳಾಗುವುದಿಲ್ಲ. ಇಸವಿಯನ್ನು ಬೇರೆ ದಾಖಲೆಯಿಂದ ನೋಡಿಕೊಳ್ಳಿ. ಅನುಭವವನ್ನು ಅವರ ಮಾತಿನಲ್ಲೇ ಇಡಿ. ಕನ್ನಡಕ್ಕೆ ತರುವಾಗ ‘ಸಾಹಿತ್ಯಿಕ’ವಾಗಿ ಮಾಡಲು ಹೋಗಬೇಡಿ. ಅಜ್ಜಿ ಸರಳವಾಗಿ ಹೇಳಿದ್ದನ್ನು ಸರಳವಾಗಿಯೇ ಬರೆಯಿರಿ, ಕಥೆ ಎಲ್ಲಿಂದ ತೆಗೆದುಕೊಂಡದ್ದು ಎಂಬುದನ್ನೂ ಹಾಳೆಯ ಕೆಳಗೆ ಹಾಕಿ.

ಹೆಜ್ಜೆ 5: ನಮ್ಮ ಊರಿನ ದಾರಿ

‘ಇದು ನಮಗೆ ಯಾಕೆ ಸರ್?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ನಿಜವಾದ ಉತ್ತರವಿದೆ. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ 1933ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡರು. ಅವರು ಕ್ರೈಸ್ತ ಧರ್ಮಕ್ಕೆ ಸೇರಿ ವರ್ಷಗಳೇ ಆಗಿದ್ದವು. ನಾಜಿ ಕಾನೂನು ಅದನ್ನು ನೋಡಲಿಲ್ಲ, ಅಜ್ಜ–ಅಜ್ಜಿ ಯಾರು ಎಂದು ನೋಡಿತು. ಸಿ.ವಿ. ರಾಮನ್ ಅವರನ್ನು ಕರೆಸಿಕೊಂಡರು. 1935–36ರ ಚಳಿಗಾಲದಲ್ಲಿ ಬಾರ್ನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇದ್ದರು. ಖಾಯಂ ಹುದ್ದೆಗೆ ರಾಮನ್ ಪ್ರಯತ್ನಿಸಿದರೂ ಕೈಗೂಡಲಿಲ್ಲ. ಬಾರ್ನ್ ಎಡಿನ್‌ಬರೊಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು.

ಅವರ ಸೋದರಳಿಯ ಆಟೊ ಕೋನಿಗ್ಸ್‌ಬರ್ಗರ್. ಬರ್ಲಿನ್‌ನ ಯುವ ವಾಸ್ತುಶಿಲ್ಪಿ. ಅವರೂ 1933ರಲ್ಲೇ ಸರ್ಕಾರಿ ಕೆಲಸ ಕಳೆದುಕೊಂಡು, ಈಜಿಪ್ಟ್ ಸುತ್ತಿ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಇಲ್ಲಿ ಮುಖ್ಯ ವಾಸ್ತುಶಿಲ್ಪಿಯಾದರು. ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗದ ಕಟ್ಟಡ ಅವರದ್ದು. ಮುಂದೆ ಭುವನೇಶ್ವರದ ನಗರ ಯೋಜನೆಯನ್ನೂ ಮಾಡಿದರು. ಬೆಂಗಳೂರಿನ ಶಿಕ್ಷಕರು ಮಕ್ಕಳನ್ನು ಆ ಕಟ್ಟಡದ ಮುಂದೆ ನಿಲ್ಲಿಸಿ ‘ಇದನ್ನು ಕಟ್ಟಿದವರು ಬರ್ಲಿನ್ ಬಿಟ್ಟು ಯಾಕೆ ಬಂದರು?’ ಎಂದು ಕೇಳಬಹುದು. ಸಂಸ್ಥೆಯಿಂದ ಮೊದಲೇ ಅನುಮತಿ ಪಡೆಯಿರಿ.

ಹಾಗೆಯೇ, ಯಹೂದಿ ಇತಿಹಾಸ ಎಂದರೆ ಹತ್ಯಾಕಾಂಡ ಮಾತ್ರ ಅಲ್ಲ ಎಂಬುದಕ್ಕೆ ನಮ್ಮ ನೆರೆಯೇ ಸಾಕ್ಷಿ. ಕೊಚ್ಚಿಯ ಪರದೇಶಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. ಕೊಂಕಣ ಕರಾವಳಿಯ ಬೆನೆ ಇಸ್ರೇಲಿ ಯಹೂದಿಗಳು ಮರಾಠಿ ಮಾತಾಡುತ್ತಾ, ಎಣ್ಣೆ ತೆಗೆಯುತ್ತಾ, ಶನಿವಾರ ಗಾಣ ನಿಲ್ಲಿಸುತ್ತಾ ತಲೆಮಾರುಗಳನ್ನು ಕಳೆದರು. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಒಂದು ಪುಟ್ಟ ಯಹೂದಿ ಸ್ಮಶಾನವಿದೆ. ಈ ನೆಲದ ಬಹುಪಾಲು ಚರಿತ್ರೆಯಲ್ಲಿ ಯಹೂದಿಗಳು ನೆಮ್ಮದಿಯಾಗಿ ಬದುಕಿದರು ಎಂಬುದೂ ಮಕ್ಕಳಿಗೆ ತಿಳಿಯಬೇಕು.

ಹೆಜ್ಜೆ 6: ಕಷ್ಟದ ಪ್ರಶ್ನೆಗಳಿಗೆ ತಾಲೀಮು

ಎರಡನೇ ದಿನ ಬೆಳಿಗ್ಗೆ ಇದನ್ನು ಇಡಿ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ. ಒಬ್ಬೊಬ್ಬರೇ ಎತ್ತಿ, ಎದ್ದು ನಿಂತು, ತರಗತಿಯಲ್ಲಿ ಹೇಳುವಂತೆ ಉತ್ತರಿಸಲಿ.

‘ಹಿಟ್ಲರ್ ದೇಶಭಕ್ತ ಅಲ್ವಾ? ಬ್ರಿಟಿಷರ ವಿರುದ್ಧ ಹೋರಾಡಿದ. ನೇತಾಜಿಯೂ ಅವನನ್ನು ಭೇಟಿಯಾಗಿದ್ದರಲ್ಲ?’ ಇದು ಬಂದೇ ಬರುತ್ತದೆ. ಗದರಬೇಡಿ. ಬೋಸರು 1942ರಲ್ಲಿ ಭೇಟಿಯಾದದ್ದು ನಿಜ, ಭಾರತದ ಸ್ವಾತಂತ್ರ್ಯಕ್ಕೆ ನೆರವು ಹುಡುಕುತ್ತಿದ್ದರು. ಆದರೆ ಹಿಟ್ಲರ್ ತನ್ನ ಪುಸ್ತಕದಲ್ಲೇ ಭಾರತದ ಹೋರಾಟಗಾರರನ್ನು ಹೀಯಾಳಿಸಿದ್ದಾನೆ, ಭಾರತ ಇಂಗ್ಲಿಷರ ಕೈಯಲ್ಲೇ ಇರಲಿ ಎಂದು ಬರೆದಿದ್ದಾನೆ. ಇದನ್ನು ಕೇಳಿದ ಮೇಲೆ ಮಕ್ಕಳು ತಾವೇ ಯೋಚಿಸುತ್ತಾರೆ.

ಸ್ವಸ್ತಿಕದ ಪ್ರಶ್ನೆ ಸುಲಭ. ನಮ್ಮ ಹೊಸ್ತಿಲ ಸ್ವಸ್ತಿಕಕ್ಕೆ ಸಾವಿರಾರು ವರ್ಷವಾಗಿದೆ, ನಾಜಿಗಳು ಅದೇ ಆಕಾರವನ್ನು ಎತ್ತಿಕೊಂಡು ದ್ವೇಷದ ಬಾವುಟ ಮಾಡಿದರು. ಹಾಗಾಗಿ ಯುರೋಪಿನಲ್ಲಿ ಅದನ್ನು ಕಂಡವರಿಗೆ ಭಯವಾಗುತ್ತದೆ. ಎರಡೂ ನಿಜ.

ಗಾಜಾದ ಪ್ರಶ್ನೆ ಸುಲಭವಲ್ಲ. ‘ಅದು ಸಿಲಬಸ್‌ನಲ್ಲಿ ಇಲ್ಲ’ ಎಂದು ಬಾಯಿ ಮುಚ್ಚಿಸಬೇಡಿ. ಪೆಟರ್‌ನ ಪಾಠವನ್ನು ಅದಕ್ಕೆ ಉತ್ತರವಾಗಿ ಬಳಸಲೂ ಬೇಡಿ. ಅದಕ್ಕೆ ಬೇರೆ ಒಂದು ಪೀರಿಯಡ್ ಕೊಡುತ್ತೇನೆ ಎಂದು ಹೇಳಿ, ಕೊಡಿ. ಅಲ್ಲಿಯೂ ಇದೇ ಕ್ರಮ: ಪ್ಯಾಲೆಸ್ಟೀನಿ ಮಗುವಿಗೂ ಹೆಸರಿದೆ, ಮನೆಯಿದೆ. ಒಂದು ಸರ್ಕಾರ ಮಾಡುವುದಕ್ಕೆ ಪ್ರಪಂಚದ ಎಲ್ಲ ಯಹೂದಿಗಳನ್ನು ಹೊಣೆ ಮಾಡುವುದು ತಪ್ಪು. ಹಿಂದಿನ ಹತ್ಯಾಕಾಂಡವನ್ನು ತೋರಿಸಿ ಇಂದಿನ ಪ್ರಶ್ನೆಯನ್ನು ತಳ್ಳಿಹಾಕುವುದೂ ತಪ್ಪು.

ನಮ್ಮ ಮಕ್ಕಳು ಅಸ್ಪೃಶ್ಯತೆಯನ್ನೂ, ದೇಶ ವಿಭಜನೆಯನ್ನೂ ಎತ್ತುತ್ತಾರೆ. ಎತ್ತಲಿ. ಬೇರೆ ಬಾವಿ, ಬೇರೆ ಲೋಟ ಕಂಡ ಮಗುವಿಗೆ ಹಳದಿ ನಕ್ಷತ್ರ ಬೇಗ ಅರ್ಥವಾಗುತ್ತದೆ. ಯಾರ ನೋವು ಜಾಸ್ತಿ ಎಂಬ ತೂಗಾಟಕ್ಕೆ ಮಾತ್ರ ಬಿಡಬೇಡಿ. ಯಾವುದು ಹೋಲುತ್ತದೆ, ಯಾವುದು ಹೋಲುವುದಿಲ್ಲ ಎಂದು ಎರಡು ಕಾಲಂ ಮಾಡಿಸಿ.

ಮಾಡಲೇಬಾರದ ಕೆಲವು

ಮಕ್ಕಳ ಅಂಗಿಗೆ ನಕ್ಷತ್ರ ಅಂಟಿಸಿ, ಅರ್ಧ ತರಗತಿಯನ್ನು ‘ನಾಜಿ’ ಮಾಡಿ ಆಡಿಸುವ ನಾಟಕ ಬೇಡ. ಉದ್ದೇಶ ಒಳ್ಳೆಯದಿದ್ದರೂ ಒಂದು ಮಗು ಹೆದರುತ್ತದೆ, ಇನ್ನೊಂದು ಮಗು ಅಧಿಕಾರದ ರುಚಿ ನೋಡುತ್ತದೆ, ಯಾರೂ ಇತಿಹಾಸ ಕಲಿಯುವುದಿಲ್ಲ. ಹೆಣಗಳ ರಾಶಿಯ ಚಿತ್ರ ಬೇಡ. ‘ನೀನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂಬ ಪ್ರಶ್ನೆಯೂ ಬೇಡ. ‘ಅವರಿಗೆ ಯಾವ ಯಾವ ದಾರಿ ಇತ್ತು?’ ಎಂದು ಕೇಳಿ. ಮಗುವನ್ನು ಕಥೆಯೊಳಗೆ ಕರೆದುಕೊಂಡು ಹೋದಷ್ಟೇ ಜೋಪಾನವಾಗಿ ಹೊರಗೆ ಕರೆತರಬೇಕು. ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕ ಸಂಸ್ಥೆಯ ಶಿಕ್ಷಣ ವಿಭಾಗವೂ ಇದನ್ನೇ ಒತ್ತಿ ಹೇಳುತ್ತದೆ.

ಹೆಜ್ಜೆ 7: ಪ್ರತಿಯೊಬ್ಬರೂ ಒಂದು ಪಾಠ ಕಟ್ಟಿಕೊಂಡು ಹೋಗುವುದು

ಎರಡನೇ ದಿನ ಮಧ್ಯಾಹ್ನ ಪೂರ್ತಿ ಇದಕ್ಕೆ. ನಾಲ್ಕು ನಾಲ್ಕು ಜನರ ಗುಂಪು. ಒಂದು ಗುಂಪಿಗೆ ಒಬ್ಬ ವ್ಯಕ್ತಿ. ಪಾಠ 40 ನಿಮಿಷದ್ದು, ಒಂದು ಪೀರಿಯಡ್‌ಗೆ ಕೂರಬೇಕು. ಅದರಲ್ಲಿ ಹದಿನೈದು ನಿಮಿಷವಾದರೂ ಯುದ್ಧಕ್ಕೆ ಮುಂಚಿನ ಬದುಕಿಗೆ ಹೋಗಬೇಕು ಎಂಬ ನಿಯಮ ಹಾಕಿ. ಇಲ್ಲದಿದ್ದರೆ ಎಲ್ಲರೂ ಸೀದಾ ಆಶ್ವಿಟ್ಜ್‌ಗೆ ಓಡುತ್ತಾರೆ. ಪಾಠವನ್ನು ಉಳಿದವರ ಮುಂದೆ ಮಾಡಿ ತೋರಿಸಲಿ. ಟೀಕೆ ಮಾಡುವವರು ಮೊದಲು ‘ನನಗೆ ಆ ವ್ಯಕ್ತಿಯ ಬಗ್ಗೆ ನೆನಪುಳಿದದ್ದು ಇದು’ ಎಂದು ಹೇಳಿ ಆಮೇಲೆ ಬೇರೆ ಮಾತಾಡಲಿ. ಯಾರಿಗೂ ಏನೂ ನೆನಪುಳಿದಿಲ್ಲ ಎಂದರೆ ಪಾಠದಲ್ಲಿ ಮಾಹಿತಿ ಜಾಸ್ತಿಯಾಗಿದೆ, ಮನುಷ್ಯ ಕಡಿಮೆಯಾಗಿದ್ದಾನೆ.

ತಿಂಗಳೊಳಗೆ ಎಲ್ಲರೂ ಶಾಲೆಯಲ್ಲಿ ಆ ಪಾಠ ಮಾಡಬೇಕು. ಜನವರಿ 27 ಹತ್ಯಾಕಾಂಡ ಸ್ಮರಣೆಯ ಅಂತರರಾಷ್ಟ್ರೀಯ ದಿನ, ಅದಕ್ಕೆ ಹೊಂದಿಸಿಕೊಂಡರೆ ಮುಖ್ಯ ಶಿಕ್ಷಕರನ್ನು ಒಪ್ಪಿಸುವುದೂ ಸುಲಭ. ಆಮೇಲೆ ಅರ್ಧ ದಿನ ಮತ್ತೆ ಸೇರಿ. ಬರುವಾಗ ಫೋಟೊ, ವರದಿ ಬೇಡ. ಪಾಠ ಮುಗಿದ ಒಂದು ವಾರದ ಮೇಲೆ ಮಕ್ಕಳಿಂದ ಐದು ಸಾಲು ಬರೆಸಿ ತರಲಿ: ಪಾಠದಲ್ಲಿ ಬಂದವರ ಹೆಸರೇನು, ಅವರಿಗೆ ಏನು ಇಷ್ಟವಿತ್ತು, ನಿನಗೆ ಇನ್ನೂ ಏನು ಗೊತ್ತಾಗಬೇಕು? ಆ ಹಾಳೆಗಳನ್ನು ಮೇಜಿನ ಮೇಲೆ ಹರಡಿ ಓದಿ. ಮುಂದಿನ ತರಬೇತಿಯ ಚೀಟಿ ಡಬ್ಬಿಗೆ ಬೇಕಾದ ಪ್ರಶ್ನೆಗಳು ಅದರಲ್ಲೇ ಸಿಗುತ್ತವೆ.